ಟ್ರ್ಯಾಕ್ಟರ್ ದುರಸ್ತಿಯಲ್ಲಿ ಸುರಕ್ಷತೆ: ಮೆಕ್ಯಾನಿಕ್‌ನ ಎಚ್ಚರ, ರೈತನ ಹೊಣೆ

ಮುಂಗಾರಿನ ಮೊದಲ ಮಳೆಗಳು ಬಿದ್ದು ಭೂಮಿ ಹದಕ್ಕೆ ಬರುವ ವೇಳೆಗೆ ಟ್ರ್ಯಾಕ್ಟರು ಕೆಟ್ಟು ನಿಂತರೆ ರೈತನಿಗಾಗುವ ಚಿಂತೆ ಅಷ್ಟಿಷ್ಟಲ್ಲ. “ಹದ ಬಂದಾಗ ಹರಗು, ಬೆದೆ ಬಂದಾಗ ಬಿತ್ತು” ಎಂಬ ಗಾದೆಯೇ ಇದೆ. ಮಾಗಡಿ, ತಾವರೆಕೆರೆ, ಬಿಡದಿ, ರಾಮನಗರ ಕಡೆಯ ರೈತರು ಸಣ್ಣಪುಟ್ಟ ದುರಸ್ತಿಯನ್ನು ಊರಿನಲ್ಲೇ ಮಾಡಿಸಿಕೊಂಡರೂ, ಕ್ಲಚ್ಚು, ಗೇರುಪೆಟ್ಟಿಗೆ, ಹೈಡ್ರಾಲಿಕ್ ಪಂಪು, ಡೀಸೆಲ್ ಪಂಪುಗಳಂತಹ ಭಾರಿ ಕೆಲಸಗಳಿಗೆ ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಬರುವುದುಂಟು. ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಗಳು ಈ ಭಾಗಕ್ಕೆ ಎರಡು ಹೆಬ್ಬಾಗಿಲುಗಳಿದ್ದಂತೆ. ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳು, ವಿಜಯನಗರದಿಂದ ಕೆಂಗೇರಿಯವರೆಗೆ ರಸ್ತೆಬದಿಯಲ್ಲಿರುವ ಗ್ಯಾರೇಜುಗಳು ಮತ್ತು ಟೈರು ಅಂಗಡಿಗಳು ಲಾರಿ, ಟಿಪ್ಪರು, ಟ್ರ್ಯಾಕ್ಟರುಗಳೆಂಬ ಭೇದವಿಲ್ಲದೆ ಭಾರಿ ವಾಹನಗಳ ಕೆಲಸ ಮಾಡುತ್ತವೆ.

ಇಂತಹ ಗ್ಯಾರೇಜಿನಲ್ಲಿ ಮಳೆಗಾಲದ ಆರಂಭದ ದಿನಗಳಲ್ಲಿ ಕಾಣುವ ದೃಶ್ಯ ಎಲ್ಲರಿಗೂ ಪರಿಚಿತವೇ. ಮೆಕ್ಯಾನಿಕ್ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದಾನೆ. ಪಕ್ಕದಲ್ಲಿ ರೈತ ನಿಂತು “ಇನ್ನೆಷ್ಟು ಹೊತ್ತಪ್ಪ?” ಎಂದು ಕೇಳುತ್ತಿದ್ದಾನೆ. ಎತ್ತಿದ ಭಾರವನ್ನು ಒಂದೇ ಒಂದು ಜಾಕ್ ಹೊತ್ತು ನಿಂತಿದೆ. ಸ್ಟ್ಯಾಂಡು ಗೋಡೆಯ ಬಳಿ ಇದೆ. ಅದನ್ನು ತಂದು ಇಡಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಯಾರಿಗೂ ಇಲ್ಲ. ಗ್ಯಾರೇಜಿನ ಅಪಘಾತಗಳಲ್ಲಿ ಅನೇಕವು ಅಜ್ಞಾನದಿಂದ ಆಗುವುದಕ್ಕಿಂತ ಹೀಗೆ ಅವಸರದಿಂದ ಆಗುತ್ತವೆ. ಆ ಅವಸರದಲ್ಲಿ ಯಂತ್ರದ ಒಡೆಯನ ಪಾಲೂ ಇರುವುದರಿಂದ ಮೆಕ್ಯಾನಿಕ್‌ನ ಸುರಕ್ಷತೆ ರೈತ ಬಾಂಧವರೂ ತಿಳಿದಿರಬೇಕಾದ ವಿಷಯ.

ನಿಂತ ಯಂತ್ರವೂ ಜೀವಂತ

ಎತ್ತಿಗೆ ಲಾಳ ಹೊಡೆಯುವವನು ಮೊದಲು ಹಗ್ಗ ಹಾಕಿ ಎತ್ತನ್ನು ಕೆಡವಿ, ಕಾಲುಗಳನ್ನು ಬಿಗಿದು ಕಟ್ಟುತ್ತಾನೆ. ಎಷ್ಟೇ ಸಾಧು ಎತ್ತಾದರೂ ಈ ಕ್ರಮ ತಪ್ಪುವುದಿಲ್ಲ. ಟ್ರ್ಯಾಕ್ಟರಿನ ವಿಷಯದಲ್ಲಿ ಮಾತ್ರ ಇಂಜಿನ್ ನಿಂತ ಕೂಡಲೇ ಅದು ಕಲ್ಲಿನಂತೆ ನಿರ್ಜೀವವಾಯಿತು ಎಂದು ಭಾವಿಸುವುದು ವಾಡಿಕೆಯಾಗಿದೆ. ಇದು ತಪ್ಪು ತಿಳಿವಳಿಕೆ. ಇಂಜಿನ್ ನಿಂತ ಮೇಲೂ ಎತ್ತಿದ ಭಾರದಲ್ಲಿ, ಟೈರಿನ ಗಾಳಿಯಲ್ಲಿ, ಕೊಳವೆಯ ಎಣ್ಣೆಯಲ್ಲಿ, ಬ್ಯಾಟರಿಯಲ್ಲಿ ಮತ್ತು ರೇಡಿಯೇಟರಿನ ಬಿಸಿ ನೀರಿನಲ್ಲಿ ಶಕ್ತಿ ಅಡಗಿರುತ್ತದೆ. ಕೈ ಹಾಕುವ ಮುನ್ನ ಈ ಐದನ್ನೂ ‘ಕಟ್ಟಿ ಹಾಕಬೇಕು’. ಸುರಕ್ಷತೆಯ ನಿಯಮಗಳೆಲ್ಲವೂ ಈ ಒಂದು ಮಾತಿನಲ್ಲಿ ಅಡಕವಾಗಿವೆ.

1. ಎತ್ತಿದ ಭಾರ

ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 35ರಿಂದ 45 ಅಶ್ವಶಕ್ತಿಯ ಟ್ರ್ಯಾಕ್ಟರು ಸುಮಾರು ಎರಡು ಟನ್ ತೂಗುತ್ತದೆ. ಈ ತೂಕದ ಹೆಚ್ಚು ಪಾಲು ಹಿಂದಿನ ಅಚ್ಚಿನ ಮೇಲೆ ಬೀಳುತ್ತದೆ.

ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಎಣ್ಣೆ ಜಾಕಿನ ಒಳಗಿನ ರಬ್ಬರ್ ಸೀಲು ಸವೆದಿದ್ದರೆ ಅದು ಯಾವ ಸೂಚನೆಯನ್ನೂ ಕೊಡದೆ ಇಳಿಯಬಹುದು. ನೆಲ ಮೆತ್ತಗಿದ್ದರೆ ಒಂದು ಕಡೆಗೆ ವಾಲಬಹುದು. ಬಿಗಿಯಾದ ನಟ್ಟನ್ನು ಉದ್ದನೆಯ ಪೈಪು ಹಾಕಿ ಜಗ್ಗಿದಾಗ ಭಾರ ಜಾಕಿನಿಂದ ಜಾರಲೂಬಹುದು. ಆದ್ದರಿಂದ ಎತ್ತಿದ ಕೂಡಲೇ ಅಚ್ಚಿನ ಕೆಳಗೆ ಉಕ್ಕಿನ ಸ್ಟ್ಯಾಂಡುಗಳನ್ನು ಇಟ್ಟು, ಭಾರವನ್ನು ಅವುಗಳ ಮೇಲೆ ಇಳಿಸಿ, ಅನಂತರ ಕೆಳಗೆ ಹೋಗಬೇಕು. ನೆಲದಲ್ಲೇ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಬೇಕು. ಮಣ್ಣಿನ ನೆಲವಾದರೆ ಜಾಕ್ ಮತ್ತು ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಅಥವಾ ಉಕ್ಕಿನ ತಗಡು ಹಾಸಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕು ಮತ್ತು ಸೈಜುಗಲ್ಲುಗಳನ್ನು ಆಸರೆಯಾಗಿ ಬಳಸಕೂಡದು. ಇವು ನಿಧಾನವಾಗಿ ಬಾಗುವುದಿಲ್ಲ. ಒಮ್ಮೆಗೇ ಸಿಡಿದು ಪುಡಿಯಾಗುತ್ತವೆ.

ಹಿಂದಿನ ಟೈರುಗಳಿಗೆ ನೀರು ತುಂಬಿಸಿದ್ದರೆ ಆ ವಿಷಯವನ್ನು ಮೆಕ್ಯಾನಿಕ್‌ಗೆ ಮೊದಲೇ ತಿಳಿಸಬೇಕು. ಒಂದು ಟೈರಿನಲ್ಲಿ 150ರಿಂದ 200 ಲೀಟರು ನೀರು, ಅಂದರೆ ಅಷ್ಟೇ ಕಿಲೋಗ್ರಾಂ ಹೆಚ್ಚಿನ ಭಾರ ಇರಬಹುದು. ಇಂತಹ ಚಕ್ರ ವಾಲಿದರೆ ಒಬ್ಬನಿಂದ ಹಿಡಿದು ನಿಲ್ಲಿಸಲಾಗದು.

ಕ್ಲಚ್ ಪ್ಲೇಟು ಬದಲಾಯಿಸಲು ಟ್ರ್ಯಾಕ್ಟರನ್ನು ನಡುವೆ ಬಿಡಿಸಿ ಎರಡು ಭಾಗ ಮಾಡಬೇಕಾಗುತ್ತದೆ. ಮುಂದಿನ ಅಚ್ಚು ನಡುವಿನ ಒಂದು ಪಿನ್ನಿನ ಮೇಲೆ ತೂಗಾಡುವಂತೆ ಜೋಡಿಸಲ್ಪಟ್ಟಿರುವುದರಿಂದ, ಬಿಡಿಸಿದ ಕ್ಷಣದಲ್ಲಿ ಇಂಜಿನ್ ಭಾಗ ಪಕ್ಕಕ್ಕೆ ಉರುಳುವ ಸಂಭವವಿದೆ. ಬೋಲ್ಟುಗಳನ್ನು ಸಡಿಲಿಸುವ ಮೊದಲೇ ಅಚ್ಚಿನ ಎರಡೂ ಬದಿಗೆ ಗಟ್ಟಿಮರದ ಬೆಣೆಗಳನ್ನು ಬಡಿದು, ಎರಡೂ ಭಾಗಗಳ ಕೆಳಗೆ ಬೇರೆ ಬೇರೆ ಆಸರೆ ಕೊಡಬೇಕು.

ಟಿಪ್ಪಿಂಗ್ ಟ್ರೇಲರಿನ ಎತ್ತಿದ ತೊಟ್ಟಿಯ ಕೆಳಗೆ ಕೆಲಸ ಮಾಡುವುದು ಇನ್ನೂ ಅಪಾಯಕರ. ಅದನ್ನು ಮೇಲೆ ಹಿಡಿದಿರುವುದು ಒಂದು ಕೊಳವೆಯಲ್ಲಿರುವ ಎಣ್ಣೆ ಮಾತ್ರ. ಕೊಳವೆ ಒಡೆದರೂ, ಜೋಡಣೆ ಸಡಿಲವಾದರೂ, ಚಾಲಕನ ಆಸನದ ಬಳಿ ಆಡುತ್ತಿರುವ ಮಗು ಸನ್ನೆಯನ್ನು ಮುಟ್ಟಿದರೂ ತೊಟ್ಟಿ ಕೆಳಗೆ ಬರುತ್ತದೆ. ಇಂಜಿನ್ ನಿಂತಿದ್ದರೂ ಬರುತ್ತದೆ. ತೊಟ್ಟಿಯನ್ನು ಖಾಲಿ ಮಾಡಿ, ಎತ್ತಿ, ಚಾಸಿಸ್‌ಗೆ ಆತುಕೊಳ್ಳುವ ಉಕ್ಕಿನ ಊರುಗೋಲನ್ನು ಕೊಟ್ಟ ಮೇಲೆಯೇ ಕೆಳಗೆ ತಲೆ ಹಾಕಬೇಕು. ಬಿದಿರಿನ ಗಳು ಅಥವಾ ಸರ್ವೆ ಮರದ ತುಂಡು ಊರುಗೋಲಾಗದು. ಹೊಸ ಟ್ರೇಲರು ಮಾಡಿಸುವ ರೈತರು ಈ ಊರುಗೋಲನ್ನು ಚಾಸಿಸ್‌ಗೇ ಕೀಲು ಹಾಕಿ ಕೂರಿಸಿಕೊಡುವಂತೆ ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು. ಇದೇ ಕಾರಣಕ್ಕಾಗಿ ರೋಟವೇಟರು, ಕಲ್ಟಿವೇಟರುಗಳನ್ನು ಲಿಫ್ಟಿನಲ್ಲಿ ಎತ್ತಿ ನಿಲ್ಲಿಸಿ ಅಲಗು ಬದಲಾಯಿಸಬಾರದು. ನೆಲಕ್ಕೆ ಅಥವಾ ಗಟ್ಟಿಯಾದ ದಿಮ್ಮಿಗಳ ಮೇಲೆ ಇಳಿಸಿಕೊಳ್ಳಬೇಕು.

2. ಟೈರಿನ ಗಾಳಿ

ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ ಗಾಳಿಯ ಒತ್ತಡ ಬಹು ಕಡಿಮೆ. ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂನ ಆಸುಪಾಸು. ಟಿಪ್ಪರು, ಲಾರಿಗಳ ಟೈರಿನಲ್ಲಾದರೋ ಅದು ಏಳು ಕಿಲೋಗ್ರಾಂ ಅಥವಾ ಅದಕ್ಕೂ ಹೆಚ್ಚು. ಅಂಗೈ ಅಗಲದ, ಅಂದರೆ ಸುಮಾರು 100 ಚದರ ಸೆಂಟಿಮೀಟರು ಜಾಗದ ಮೇಲೆ ಇದು 700 ಕಿಲೋಗ್ರಾಂ ಬಲವಾಗುತ್ತದೆ. ರಿಮ್ಮಿನ ಲಾಕ್ ರಿಂಗು ಸರಿಯಾಗಿ ಕೂರದೆ ಇದ್ದರೆ ಈ ಬಲದಿಂದ ಅದು ಹಾರಿ, ಎದುರಿಗಿದ್ದವನ ಪ್ರಾಣ ತೆಗೆಯಬಲ್ಲದು. ಅಮೆರಿಕದಲ್ಲಿ ಇಂತಹ ರಿಮ್ಮುಗಳ ಟೈರಿಗೆ ಗಾಳಿ ತುಂಬುವಾಗ ಉಕ್ಕಿನ ಪಂಜರದಂತಹ ತಡೆ ಇರಲೇಬೇಕೆಂದು 1980ರಲ್ಲಿಯೇ ನಿಯಮ ಮಾಡಲಾಯಿತು.

ಪಂಜರವಿಲ್ಲದ ಟೈರು ಅಂಗಡಿಯಲ್ಲಿಯೂ ಕೆಲವು ಎಚ್ಚರಿಕೆಗಳನ್ನು ಪಾಲಿಸಬಹುದು. ಚಕ್ರ ಬಿಚ್ಚುವ ಮೊದಲು ವಾಲ್ವಿನ ಪಿನ್ನು ತೆಗೆದು ಗಾಳಿಯನ್ನು ಪೂರ್ತಿ ಬಿಡಬೇಕು. ಜೋಡಿ ಚಕ್ರಗಳಾದರೆ ಎರಡರದೂ ಬಿಡಬೇಕು. ತುಕ್ಕು ಹಿಡಿದ, ಬಾಗಿದ, ಬೇರೆ ಅಳತೆಯ ರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಬಾರದು. ಗಾಳಿ ತುಂಬುವಾಗ ರಿಂಗು ಗೋಡೆಯ ಕಡೆಗಿರಲಿ. ವಾಲ್ವಿಗೆ ಕಚ್ಚಿಕೊಳ್ಳುವ ಹಿಡಿಕೆ ಮತ್ತು ಉದ್ದನೆಯ ಕೊಳವೆ ಬಳಸಿ, ಮೆಕ್ಯಾನಿಕ್ ಟೈರಿನ ಪಕ್ಕಕ್ಕೆ ನಿಲ್ಲಬೇಕೇ ಹೊರತು ಅದರ ಎದುರಿಗೆ ಅಥವಾ ಮೇಲೆ ಅಲ್ಲ. ಟ್ರ್ಯಾಕ್ಟರಿನ ಟೈರಿನ ಅಂಚು ರಿಮ್ಮಿಗೆ ಕೂರಲಿಲ್ಲವೆಂದು 35 ಪೌಂಡಿಗಿಂತ ಹೆಚ್ಚು ಗಾಳಿ ತುಂಬಬಾರದು. ಗಾಳಿ ಬಿಟ್ಟು, ಅಂಚಿಗೆ ಸಾಬೂನು ನೀರು ಸವರಿ ಮತ್ತೆ ಪ್ರಯತ್ನಿಸಬೇಕು.

ಟೈರು ಇರುವಾಗಲೇ ರಿಮ್ಮಿಗೆ ವೆಲ್ಡಿಂಗ್ ಮಾಡುವುದು ಅತ್ಯಂತ ಅಪಾಯಕರವಾದ ರೂಢಿ. ಶಾಖದಿಂದ ಒಳಗಿನ ರಬ್ಬರು ಬೆಂದು ಉರಿಯುವ ಅನಿಲ ಉಂಟಾಗಿ ಟೈರು ಬಾಂಬಿನಂತೆ ಸಿಡಿಯಬಹುದು. ಗಾಳಿ ಬಿಟ್ಟಿದ್ದರೂ ಈ ಅಪಾಯ ತಪ್ಪದು. ಟೈರನ್ನು ರಿಮ್ಮಿನಿಂದ ಪೂರ್ತಿ ಬೇರ್ಪಡಿಸಿದ ನಂತರವೇ ವೆಲ್ಡಿಂಗ್ ಮಾಡಬೇಕು.

3. ಕೊಳವೆಯ ಎಣ್ಣೆ

ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆ ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡಬಹುದು. ಡೀಸೆಲ್ ಇಂಜೆಕ್ಟರಿನ ಬಾಯಿ ತೆರೆಯುವುದೂ ಹೆಚ್ಚುಕಡಿಮೆ ಇದೇ ಮಟ್ಟದಲ್ಲಿ. 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಜಾರಿಗೆ ಬಂದ ಮೇಲೆ ಕಾಮನ್ ರೈಲ್ ಇಂಜಿನ್ನುಗಳು ಹೆಚ್ಚಾಗಿ ಬರುತ್ತಿದ್ದು, ಅವುಗಳಲ್ಲಿ ಡೀಸೆಲಿನ ಒತ್ತಡ 1000 ಕಿಲೋಗ್ರಾಂಗೂ ಮೀರುತ್ತದೆ. ಹಳೆಯ ಇಂಜಿನ್ನಿನಲ್ಲಿ ಮಾಡುತ್ತಿದ್ದಂತೆ ಓಡುವ ಇಂಜಿನ್ನಿನ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ‘ಯಾವ ಸಿಲಿಂಡರ್ ಹೊಡೆಯುತ್ತಿಲ್ಲ’ ಎಂದು ನೋಡುವ ಕ್ರಮವನ್ನು ಇವುಗಳಲ್ಲಿ ಅನುಸರಿಸಲೇಬಾರದು.

ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ಬೆರಳಾಡಿಸಿ ನೋಡುವುದು ಸಾಮಾನ್ಯ ಅಭ್ಯಾಸ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಕ್ಕೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗಾಯ. ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ. ಕೆಲವು ಗಂಟೆಗಳಲ್ಲಿ ಒಳಗಿನ ಮಾಂಸ ಕೊಳೆಯಲಾರಂಭಿಸಿ ಬೆರಳು ಅಥವಾ ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಸೋರಿಕೆಯನ್ನು ರಟ್ಟಿನ ತುಂಡು ಹಿಡಿದು ಪತ್ತೆ ಮಾಡಬೇಕು. ಕೊಳವೆ ಬಿಚ್ಚುವ ಮೊದಲು ಲಿಫ್ಟನ್ನು ನೆಲಕ್ಕಿಳಿಸಿ, ಇಂಜಿನ್ ನಿಲ್ಲಿಸಿ, ಸನ್ನೆಯನ್ನು ಎರಡು ಮೂರು ಬಾರಿ ಹಿಂದೆ ಮುಂದೆ ಆಡಿಸಿ ಒತ್ತಡ ಇಳಿಸಬೇಕು. ಎಣ್ಣೆ ಚರ್ಮದೊಳಕ್ಕೆ ಹೋಗಿದೆಯೆಂಬ ಸಂಶಯ ಬಂದರೂ ಸಾಕು, ಅರಿಶಿನ ಹಚ್ಚಿ ಕಾಯದೆ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೋಗಿ ನಡೆದದ್ದನ್ನು ಸ್ಪಷ್ಟವಾಗಿ ಹೇಳಬೇಕು.

4. ಬ್ಯಾಟರಿ ಮತ್ತು ಸ್ಟಾರ್ಟರು

ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ನೂರಕ್ಕೆ ನಾಲ್ಕು ಪಾಲು ಸೇರಿದರೂ ಒಂದು ಕಿಡಿಗೆ ಸ್ಫೋಟವಾಗುತ್ತದೆ. ಬ್ಯಾಟರಿಯ ಬಳಿ ಬೀಡಿ, ಬೆಂಕಿಕಡ್ಡಿ ಬೇಡ. ಬಿಚ್ಚುವಾಗ ಅರ್ಥ್ ತಂತಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು. ಉಂಗುರ, ಲೋಹದ ಬಳೆ, ಕೈಗಡಿಯಾರಗಳನ್ನು ಕೆಲಸಕ್ಕೆ ಮೊದಲೇ ತೆಗೆದಿಡಬೇಕು.

ಕೀಲಿ ತಿರುಗಿಸಿದರೂ ಇಂಜಿನ್ ಚಾಲೂ ಆಗದಿದ್ದಾಗ ನೆಲದಲ್ಲಿ ನಿಂತು ಸ್ಟಾರ್ಟರ್ ಮೋಟಾರಿನ ಎರಡು ತುದಿಗಳಿಗೆ ಸ್ಕ್ರೂಡ್ರೈವರ್ ತಾಗಿಸುವ ಉಪಾಯ ಹಳ್ಳಿಯಲ್ಲೂ ಪೇಟೆಯಲ್ಲೂ ಇದೆ. ಹೀಗೆ ನಿಂತವನ ಬೆನ್ನ ಹಿಂದೆಯೇ ಹಿಂದಿನ ದೊಡ್ಡ ಚಕ್ರವಿರುತ್ತದೆ ಎಂಬುದನ್ನು ಗಮನಿಸಬೇಕು. ಗೇರು ಬಿದ್ದಿದ್ದರೆ ಇಂಜಿನ್ ಹತ್ತಿಕೊಂಡ ಕ್ಷಣವೇ ಟ್ರ್ಯಾಕ್ಟರು ಮುಂದಕ್ಕೆ ನುಗ್ಗಿ ಅವನ ಮೇಲೆಯೇ ಹಾಯುತ್ತದೆ. ಟ್ರ್ಯಾಕ್ಟರನ್ನು ಆಸನದ ಮೇಲೆ ಕುಳಿತು, ಗೇರು ಬಿಡಿಸಿಯೇ ಚಾಲೂ ಮಾಡಬೇಕು. ಗ್ಯಾರೇಜಿಗೆ ತರುವ ರೈತ ‘ಕೀಲಿ ಕೆಲಸ ಮಾಡುತ್ತಿಲ್ಲ, ಸ್ಕ್ರೂಡ್ರೈವರ್ ಇಡಿ’ ಎನ್ನುವ ಬದಲು ಆ ಕೀಲಿಯನ್ನೇ ಮೊದಲು ಸರಿಪಡಿಸಿಕೊಡಲು ಹೇಳಲಿ.

5. ಶಾಖ, ಹೊಗೆ ಮತ್ತು ಧೂಳು

ರೇಡಿಯೇಟರಿನ ನೀರು ಒತ್ತಡದಲ್ಲಿರುವುದರಿಂದ ನೂರು ಡಿಗ್ರಿ ಸೆಂಟಿಗ್ರೇಡ್ ಮೀರಿ ಕಾದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದೊಡನೆ ಕುದಿದು ಮುಖಕ್ಕೆ ಎರಚುತ್ತದೆ. ಇಂಜಿನ್ ತಣ್ಣಗಾಗಲು ಬಿಟ್ಟು, ದಪ್ಪ ಬಟ್ಟೆ ಹಾಕಿ, ಮುಚ್ಚಳವನ್ನು ಮೊದಲ ಹಂತದವರೆಗೆ ಮಾತ್ರ ತಿರುಗಿಸಿ ಹಬೆ ಬಿಡಬೇಕು.

ಮಳೆ ಬಂತೆಂದು ಷಟರು ಎಳೆದು ಒಳಗೆ ಇಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು ಮತ್ತು ಓಕರಿಕೆ ಇದರ ಮೊದಲ ಲಕ್ಷಣಗಳು. ಬ್ರೇಕು ಮತ್ತು ಕ್ಲಚ್ಚಿನ ಲೈನಿಂಗ್ ಧೂಳಿನಲ್ಲಿ ಕಲ್ನಾರು ಇರುವ ಸಾಧ್ಯತೆಯಿದ್ದು, ಅದು ಶ್ವಾಸಕೋಶಕ್ಕೆ ಹಾನಿಕರ. ಈ ಧೂಳನ್ನು ಗಾಳಿಯ ಪೈಪಿನಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುವುದು ಬೇಡ. ಖಾಲಿ ಡೀಸೆಲ್ ಟ್ಯಾಂಕಿಗೆ ವೆಲ್ಡಿಂಗ್ ಮಾಡುವುದು ತುಂಬಿದ ಟ್ಯಾಂಕಿಗಿಂತಲೂ ಅಪಾಯಕರ. ಒಳಗೆ ಉಳಿದ ಆವಿಯೇ ಸ್ಫೋಟಕ್ಕೆ ಸಾಕು.

ಚಿಕ್ಕ ಗ್ಯಾರೇಜು ಮತ್ತು ಕಾಯಿದೆ

ಕೆಂಗೇರಿಯಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮದ ಪ್ರಾದೇಶಿಕ ಕಾರ್ಯಾಗಾರವಿದೆ. ಅಂತಹ ದೊಡ್ಡ ಸಂಸ್ಥೆಗಳಿಗೆ ಸುರಕ್ಷತೆಯ ಕಾಯಿದೆ ಅನ್ವಯಿಸುತ್ತದೆ. ಅದೇ ರಸ್ತೆಯ ಬದಿಯಲ್ಲಿ ಒಬ್ಬ ಮೇಸ್ತ್ರಿ ಮತ್ತು ಮೂವರು ಹುಡುಗರಿರುವ ಗ್ಯಾರೇಜಿನ ಸ್ಥಿತಿಯೇ ಬೇರೆ. 1948ರ ಕಾರ್ಖಾನೆಗಳ ಕಾಯಿದೆಯಂತೆ ವಿದ್ಯುತ್ ಬಳಸುವ ಕಡೆ ಹತ್ತು ಜನ ಕೆಲಸಗಾರರಿದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆಯು ಈ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿತು. ಹೀಗಾಗಿ ರೈತರು ಹೋಗುವ ಬಹುಪಾಲು ಗ್ಯಾರೇಜುಗಳು ಕಾರ್ಖಾನೆಯ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಸುರಕ್ಷತೆಯನ್ನು ನೋಡಿಕೊಳ್ಳಬೇಕಾದವರು ಮೇಸ್ತ್ರಿ ಮತ್ತು ಗಿರಾಕಿ ಇಬ್ಬರೇ.

ಕೆಲಸ ಕಲಿಯಲು ಬಂದ ಹುಡುಗರನ್ನೇ ಸಂದಿಯಲ್ಲಿ ಸುಲಭವಾಗಿ ತೂರುತ್ತಾರೆಂದು ವಾಹನದ ಕೆಳಗೆ ಕಳುಹಿಸುವುದುಂಟು. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷ ತುಂಬದ ಮಕ್ಕಳನ್ನು ಗ್ಯಾರೇಜಿನಲ್ಲಿ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. 18 ತುಂಬದವರನ್ನು ಕಾಯಿದೆಯಲ್ಲಿ ಪಟ್ಟಿ ಮಾಡಿದ ಅಪಾಯಕರ ಕೆಲಸಗಳಿಗೆ ಹಚ್ಚುವಂತಿಲ್ಲ. ಹಳ್ಳಿಯಿಂದ ಮಗನನ್ನು ಮೆಕ್ಯಾನಿಕ್ ಕೆಲಸಕ್ಕೆ ಕಳುಹಿಸುವ ತಂದೆತಾಯಿಗಳು ಸಂಬಳ ಎಷ್ಟೆಂದು ಕೇಳುವ ಜೊತೆಗೆ ಗ್ಯಾರೇಜಿನಲ್ಲಿ ಸ್ಟ್ಯಾಂಡುಗಳಿವೆಯೇ ಎಂದೂ ನೋಡಬೇಕು.

ಮೆಕ್ಯಾನಿಕ್‌ಗಳು ಕರ್ನಾಟಕ ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರಿಗಾಗಿ ರಾಜ್ಯದಲ್ಲಿ 2024ರಲ್ಲಿ ಪ್ರತ್ಯೇಕ ಕಲ್ಯಾಣ ಅಧಿನಿಯಮವೂ ಬಂದಿದೆ. ವಿವರಗಳನ್ನು ಸಮೀಪದ ಕಾರ್ಮಿಕ ನಿರೀಕ್ಷಕರ ಕಛೇರಿಯಲ್ಲಿ ಪಡೆಯಬಹುದು. ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಮೆಕ್ಯಾನಿಕ್‌ಗಳಿಗೆ ಈ ಮಾಹಿತಿ ತಲುಪಿಸಬೇಕು. ಕೃಷಿ ಯಂತ್ರಗಳ ಬಳಕೆ ಮತ್ತು ದುರಸ್ತಿಯಲ್ಲಿ ತರಬೇತಿ ನೀಡುವ ಕೇಂದ್ರ ಸರ್ಕಾರದ ಸಂಸ್ಥೆಯೊಂದು ನಮ್ಮ ಗಡಿಯಾಚೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ.

ಹದದ ಲೆಕ್ಕ

ಅವಸರಕ್ಕೆ ರೈತ ಕೊಡುವ ಕಾರಣ ಹದ ತಪ್ಪುತ್ತದೆ ಎಂಬುದು. ಈ ಚಿಂತೆ ನ್ಯಾಯವಾದದ್ದೇ. ಆದರೆ ಲೆಕ್ಕ ಹಾಕಿ ನೋಡಬೇಕು. ಒಂಬತ್ತು ಹಲ್ಲಿನ ಕಲ್ಟಿವೇಟರು ಗಂಟೆಗೆ ಸುಮಾರು ಒಂದು ಎಕರೆ ಉಳುತ್ತದೆ. ಸ್ಟ್ಯಾಂಡು, ಅಡೆ, ಬೆಣೆಗಳನ್ನೆಲ್ಲ ಕ್ರಮವಾಗಿ ಇಟ್ಟು ತೆಗೆಯಲು 20 ನಿಮಿಷ ಹಿಡಿದರೆ, ಅದರಿಂದಾಗುವ ನಷ್ಟ ಹದಿಮೂರು ಗುಂಟೆ ಉಳುಮೆ. ಆ ಸಂಜೆಯೇ ಅದನ್ನು ಸರಿದೂಗಿಸಬಹುದು.

ದುರಸ್ತಿ ಒಂದು ವಾರ ತಡವಾದರೂ ಬೇಸಾಯದಲ್ಲಿ ಅದಕ್ಕೆ ಪರಿಹಾರವಿದೆ. ಖುಷ್ಕಿ ರಾಗಿಯಲ್ಲಿ ದೀರ್ಘಾವಧಿ ತಳಿಯ ಕಾಲ ಮೀರಿದರೆ ಜಿ.ಪಿ.ಯು. 28ರಂತಹ ಮಧ್ಯಮಾವಧಿ ತಳಿಯನ್ನು ಜುಲೈ ತಿಂಗಳಲ್ಲಿ ಬಿತ್ತಬಹುದು. ಅದೂ ಮೀರಿದರೆ ಜಿ.ಪಿ.ಯು. 48ರಂತಹ ಅಲ್ಪಾವಧಿ ತಳಿಗೆ ಆಗಸ್ಟ್ ತಿಂಗಳಿದೆ. ಸಸಿ ಮಡಿ ಮಾಡಿ ನಾಟಿ ಹಾಕುವ ದಾರಿಯೂ ಇದೆ. ತಡವಾದ ಬಿತ್ತನೆಗೆ ಇಷ್ಟು ಬದಲಿ ಉಪಾಯಗಳಿವೆ. ಭಾರದ ಕೆಳಗೆ ಸಿಕ್ಕಿ ಜಜ್ಜಿಹೋದ ಎದೆಗೆ ಅಥವಾ ಕೈಗೆ ಒಂದೂ ಇಲ್ಲ.

ಇದಕ್ಕಿಂತ ಮೇಲಾದ ದಾರಿಯೆಂದರೆ, ಸುಗ್ಗಿ ಮುಗಿದು ಟ್ರ್ಯಾಕ್ಟರಿಗೆ ಬಿಡುವಿರುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಕ್ಲಚ್ಚು, ಬ್ರೇಕು, ಹೈಡ್ರಾಲಿಕ್ ಮತ್ತು ಟೈರುಗಳ ತಪಾಸಣೆ ಮಾಡಿಸಿಬಿಡುವುದು. ಆಗ ಗ್ಯಾರೇಜಿನಲ್ಲಿ ನೂಕುನುಗ್ಗಲು ಕಡಿಮೆ. ಬಿಡಿಭಾಗಕ್ಕಾಗಿ ಜೆ.ಸಿ. ರಸ್ತೆಗೆ ಒಂದಕ್ಕೆ ಎರಡು ಸಲ ಹೋಗಿಬರಲೂ ಸಮಯವಿರುತ್ತದೆ.

ಟ್ರ್ಯಾಕ್ಟರನ್ನು ಗ್ಯಾರೇಜಿಗೆ ಬಿಡುವಾಗ ರೈತರು ಗಮನಿಸಬೇಕಾದ ಅಂಶಗಳು

1. ಟ್ರೇಲರು ಮತ್ತು ಉಪಕರಣಗಳನ್ನು ಕಳಚಿ, ಮಣ್ಣು ತೊಳೆದು ತರಬೇಕು. ಕೆಸರು ಮೆತ್ತಿದ ಅಚ್ಚಿನಲ್ಲಿ ಜಾಕ್ ಜಾರುತ್ತದೆ.
2. ಬ್ರೇಕಿನ ದೋಷ, ತಾನಾಗಿ ಬೀಳುವ ಗೇರು, ಟೈರಿನೊಳಗಿನ ನೀರು, ಹಿಂದೆ ಮಾಡಿಸಿದ ವೆಲ್ಡಿಂಗ್ ಮುಂತಾದುವನ್ನು ಮುಚ್ಚಿಡದೆ ಹೇಳಬೇಕು.
3. ಕೆಲಸ ನಡೆಯುವಾಗ ಕೀಲಿಯನ್ನು ಮೆಕ್ಯಾನಿಕ್‌ನ ಜೇಬಿನಲ್ಲಿ ಇರಿಸಬೇಕು. ಅವನು ಕೂಗಿ ಹೇಳದೆ ಯಾರೂ ಆಸನ ಹತ್ತಬಾರದು, ಸನ್ನೆ ಮುಟ್ಟಬಾರದು.
4. ಮಕ್ಕಳನ್ನು ಗ್ಯಾರೇಜಿನೊಳಕ್ಕೆ ಬಿಡಬಾರದು.
5. ಪಂಚೆ, ಟವೆಲು ಸಡಿಲವಾಗಿರುವಾಗ ತಿರುಗುವ ಪಿ.ಟಿ.ಒ. ಶಾಫ್ಟಿನ ಬಳಿ ನಿಲ್ಲಬಾರದು. ಶಾಫ್ಟಿನ ಕವಚವನ್ನು ಮತ್ತೆ ಹಾಕದೆ ಟ್ರ್ಯಾಕ್ಟರನ್ನು ಮನೆಗೆ ಒಯ್ಯಬಾರದು.
6. ಸ್ಟ್ಯಾಂಡು ಇಡದೆ ಕೆಲಸ ಆರಂಭಿಸಿದರೆ ನಿಲ್ಲಿಸಿ ಕೇಳಬೇಕು. “ಬೇಗ ಮುಗಿಸು” ಎನ್ನುವ ಮಾತನ್ನು ವಾಹನದ ಕೆಳಗಿರುವವನಿಗೆ ಹೇಳಬಾರದು.

ಅಪಘಾತವಾದರೆ

ಮೊದಲು 108ಕ್ಕೆ ಕರೆ ಮಾಡಬೇಕು. ಭಾರದ ಕೆಳಗೆ ಸಿಕ್ಕವನನ್ನು ಕೈಕಾಲು ಹಿಡಿದು ಎಳೆಯಬಾರದು. ಭಾರವನ್ನು ಎತ್ತಿ, ಆಸರೆ ಕೊಟ್ಟು, ಮೆಲ್ಲಗೆ ಹೊರತೆಗೆಯಬೇಕು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಸುಟ್ಟ ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು. ಗ್ರೀಸು, ಇಂಕು, ಟೂತ್‌ಪೇಸ್ಟು ಹಚ್ಚಬಾರದು. ಬ್ಯಾಟರಿಯ ಆಮ್ಲ ಕಣ್ಣಿಗೆ ಬಿದ್ದರೆ ಕಣ್ಣು ತೆರೆಸಿ ಕಾಲು ಗಂಟೆಗೂ ಹೆಚ್ಚು ಕಾಲ ನೀರು ಹಾಕುತ್ತಿರಬೇಕು.

ಎರಡು ಜೊತೆ ಸ್ಟ್ಯಾಂಡು, ನಾಲ್ಕು ಅಡೆ, ಎರಡು ಬೆಣೆ, ಒಂದು ಊರುಗೋಲು ಇಷ್ಟಕ್ಕೆ ತಗಲುವ ವೆಚ್ಚ ಹೆಚ್ಚಿನದೇನಲ್ಲ. ಒಂದು ಹಳ್ಳಿಯ ಟ್ರ್ಯಾಕ್ಟರು ಮಾಲೀಕರೆಲ್ಲ ಸೇರಿ ಒಂದು ಸೆಟ್ಟು ಮಾಡಿಸಿಟ್ಟುಕೊಂಡರೆ ಊರಿನಲ್ಲಿ ನಡೆಯುವ ದುರಸ್ತಿಗೂ ಅದು ಒದಗುತ್ತದೆ. ಟ್ರ್ಯಾಕ್ಟರನ್ನು ಮುಂದಿನ ಮುಂಗಾರಿಗೂ ಸರಿಪಡಿಸಿಕೊಡಬೇಕಾದವನು ಇದೇ ಮೆಕ್ಯಾನಿಕ್. ಅವನು ಸಂಜೆ ಕೈ ತೊಳೆದುಕೊಂಡು ಕ್ಷೇಮವಾಗಿ ಮನೆಗೆ ಹೋಗುವಂತೆ ನೋಡಿಕೊಳ್ಳುವುದೂ ಯಂತ್ರದ ಸಂರಕ್ಷಣೆಯ ಒಂದು ಭಾಗವೆಂದು ರೈತ ಬಾಂಧವರು ತಿಳಿಯಬೇಕು.